ಟಿ ಕೋಶಗಳನ್ನು ಎಚ್ಚರಿಸುವ ಮೇಲ್ಮೈ ಗ್ರಾಹಿಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಟಿ ಕೋಶ ಸಕ್ರಿಯವಾಗುವುದು ಎಂದರೆ ನಿಜವಾಗಿ ಏನಾಗುತ್ತದೆ?

ಟಿ ಕೋಶವು ಬಿಳಿ ರಕ್ತಕಣಗಳಲ್ಲಿ ಲಿಂಫೋಸೈಟ್ ಎಂಬ ಗುಂಪಿಗೆ ಸೇರಿದ್ದು, ಮೂಳೆಮಜ್ಜೆಯಲ್ಲಿ ಹುಟ್ಟಿ, ಎದೆಗೂಡಿನಲ್ಲಿ ಹೃದಯದ ಮೇಲ್ಭಾಗಕ್ಕಿರುವ ಥೈಮಸ್ ಗ್ರಂಥಿಯಲ್ಲಿ ಬಲಿತು ರಕ್ತಕ್ಕೆ ಸೇರುತ್ತದೆ. ಥೈಮಸ್‌ಗೆ ಹೇಳಿಕೊಳ್ಳುವಂಥ ಕೆಲಸವೇನೂ ಇಲ್ಲವೆಂದು ಬಹುಕಾಲ ನಂಬಲಾಗಿತ್ತು. 1961ರಲ್ಲಿ ಜ್ಯಾಕ್ ಮಿಲ್ಲರ್ ಅವರು ಆಗತಾನೆ ಹುಟ್ಟಿದ ಇಲಿಮರಿಗಳ ಥೈಮಸ್ ತೆಗೆದು, ಅಂಥ ಇಲಿಗಳು ಸೋಂಕಿಗೆ ಬೇಗ ಬಲಿಯಾಗುವುದನ್ನೂ ಬೇರೆ ಇಲಿಯ ಚರ್ಮವನ್ನು ಕಸಿ ಮಾಡಿದರೆ ಅದನ್ನು ತಿರಸ್ಕರಿಸಲಾರದೆ ಹೋಗುವುದನ್ನೂ ತೋರಿಸಿದ ಮೇಲೆ ಆ ನಂಬಿಕೆ ಬಿದ್ದುಹೋಯಿತು.

ತನ್ನ ಪ್ರತಿಜನಕವನ್ನು, ಅಂದರೆ ತಾನು ಗುರುತಿಸಬಲ್ಲ ಪರಕೀಯ ವಸ್ತುವನ್ನು, ಇನ್ನೂ ಕಾಣದ ಟಿ ಕೋಶ ಗಾತ್ರದಲ್ಲಿ ಪುಟ್ಟದು. ರಕ್ತ ಮತ್ತು ದುಗ್ಧಗ್ರಂಥಿಗಳ ನಡುವೆ ಸುತ್ತುತ್ತಿರುವುದಷ್ಟೇ ಅದರ ದಿನಚರಿ. ಒಂದು ನಿರ್ದಿಷ್ಟ ಪ್ರತಿಜನಕವನ್ನು ಗುರುತಿಸಬಲ್ಲ ಇಂಥ ಕೋಶಗಳು ಲಕ್ಷಕ್ಕೋ ಹತ್ತು ಲಕ್ಷಕ್ಕೋ ಒಂದರಂತೆ ಇರುವುದರಿಂದ, ಸೋಂಕು ತಗುಲಿದಾಗ ಆ ಬೆರಳೆಣಿಕೆಯ ಕೋಶಗಳು ಮೊದಲು ತಮ್ಮ ಸಂಖ್ಯೆಯನ್ನು ಹೆಚ್ಚಿಸಿಕೊಳ್ಳಲೇಬೇಕು. ಕೋಶ ದೊಡ್ಡದಾಗುವುದು, ಸಕ್ಕರೆಯನ್ನು ಹೆಚ್ಚು ಬಳಸತೊಡಗುವುದು, ಇಂಟರ್‌ಲ್ಯೂಕಿನ್-2 ಎಂಬ ರಾಸಾಯನಿಕವನ್ನು ಸ್ರವಿಸುವುದು, ಸುಮಾರು ಒಂದು ದಿನದ ನಂತರ ವಿಭಜನೆ ಆರಂಭಿಸಿ ಕೆಲವೇ ದಿನಗಳಲ್ಲಿ ಸಾವಿರಾರು ಪಟ್ಟು ಹೆಚ್ಚುವುದು, ಕೊನೆಗೆ ಸೋಂಕಿತ ಕೋಶಗಳನ್ನು ಕೊಲ್ಲುವ ಅಥವಾ ಇತರ ಕೋಶಗಳಿಗೆ ನೆರವಾಗುವ ಸಾಮರ್ಥ್ಯ ಪಡೆಯುವುದು, ಇವೆಲ್ಲ ಸೇರಿ ಸಕ್ರಿಯಗೊಳ್ಳುವಿಕೆ ಎನಿಸುತ್ತದೆ. ಇದನ್ನು ಆರಂಭಿಸಬೇಕೇ ಬೇಡವೇ ಎಂಬುದು ಕೋಶಪೊರೆಯ ಮೇಲೆ ನಿಂತಿರುವ ಹಲವು ಬಗೆಯ ಗ್ರಾಹಿಗಳು, ಅಂದರೆ ರಿಸೆಪ್ಟರ್‌ಗಳು, ಒಟ್ಟಾಗಿ ಒಳಕ್ಕೆ ಕಳಿಸುವ ಸಂಕೇತಗಳಿಂದ ನಿರ್ಧಾರವಾಗುತ್ತದೆ.

ಟಿ ಕೋಶ ವೈರಸ್ಸನ್ನು ನೇರವಾಗಿ ಗುರುತಿಸುತ್ತದೆಯೇ?

ಸಾಮಾನ್ಯವಾಗಿ ಇಲ್ಲ. ಪ್ರತಿಕಾಯಗಳು, ಅಂದರೆ ಆಂಟಿಬಾಡಿಗಳು, ವೈರಸ್ಸಿನ ಮೇಲ್ಮೈಗೆ ನೇರವಾಗಿ ಅಂಟಿಕೊಳ್ಳುತ್ತವೆ, ಆದರೆ ಬಹುಪಾಲು ಟಿ ಕೋಶಗಳ ಗ್ರಾಹಿಗೆ ಕಾಣುವುದು ವೈರಸ್ಸಿನ ಪ್ರೋಟೀನನ್ನು ಕತ್ತರಿಸಿ ಬಂದ ಪೆಪ್ಟೈಡ್ ಎಂಬ ತುಣುಕು ಮಾತ್ರ. ಅದೂ ನಮ್ಮದೇ ಕೋಶವೊಂದು ಎಂಎಚ್‌ಸಿ ಎಂಬ ಪ್ರೋಟೀನಿನ ತೋಡಿನಲ್ಲಿ ಆ ತುಣುಕನ್ನು ಇರಿಸಿ ಹೊರಗೆ ಪ್ರದರ್ಶಿಸಿದಾಗ ಮಾತ್ರ. ಟಿ ಕೋಶ ವೈರಸ್ಸಿನ ಪ್ರತಿಜನಕವನ್ನೂ ಸ್ವಂತ ಎಂಎಚ್‌ಸಿಯನ್ನೂ ಒಟ್ಟಿಗೇ ಗುರುತಿಸುತ್ತದೆ ಎಂಬುದನ್ನು 1974ರಲ್ಲಿ ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಪೀಟರ್ ಡೊಹರ್ಟಿ ಮತ್ತು ರೋಲ್ಫ್ ಜಿಂಕರ್‌ನಾಗೆಲ್ ಕಂಡುಕೊಂಡರು. 1996ರ ನೊಬೆಲ್ ಪ್ರಶಸ್ತಿ ಅದಕ್ಕೇ ಸಂದದ್ದು. ಗ್ರಾಹಿಯ ವಂಶವಾಹಿಗಳು ಕೈಗೆ ಸಿಕ್ಕಲು ಇನ್ನೂ ಹತ್ತು ವರ್ಷ ಬೇಕಾಯಿತು. 1984ರಲ್ಲಿ ಮಾರ್ಕ್ ಡೇವಿಸ್ ಮತ್ತು ಟಾಕ್ ಮಾಕ್ ಅವರ ತಂಡಗಳು ಬೇರೆ ಬೇರೆಯಾಗಿ ಅವನ್ನು ಪ್ರತ್ಯೇಕಿಸಿದವು.

ಸುತ್ತುಬಳಸಿನ ಈ ಏರ್ಪಾಡಿಗೆ ಕಾರಣವಿದೆ. ವೈರಸ್ ಕೋಶದೊಳಗೆ ಅಡಗಿ ಕುಳಿತರೆ ಪ್ರತಿಕಾಯಕ್ಕೆ ಅದು ಸಿಗುವುದಿಲ್ಲ. ಒಳಗೆ ತಯಾರಾಗುತ್ತಿರುವ ಪ್ರೋಟೀನುಗಳ ಮಾದರಿಯನ್ನು ಹೆಚ್ಚುಕಡಿಮೆ ಪ್ರತಿಯೊಂದು ಕೋಶವೂ ಹೊರಗೆ ತೋರಿಸುತ್ತಲೇ ಇರಬೇಕೆಂಬ ನಿಯಮವಿರುವುದರಿಂದಲೇ ಟಿ ಕೋಶಕ್ಕೆ ಒಳಗಿನ ಸಂಗತಿ ಗೊತ್ತಾಗುತ್ತದೆ.

ಸಿಡಿ4 ಮತ್ತು ಸಿಡಿ8 ಎಂಬ ಹೆಸರುಗಳು ಎಲ್ಲೆಡೆ ಬರುತ್ತವೆ. ಇವು ಏನು ಮಾಡುತ್ತವೆ?

ಇವು ಸಹಗ್ರಾಹಿಗಳು. ಮುಖ್ಯ ಗ್ರಾಹಿ ಪೆಪ್ಟೈಡನ್ನು ಹಿಡಿದಿರುವಾಗ ಸಿಡಿ8 ಮೊದಲನೇ ವರ್ಗದ ಎಂಎಚ್‌ಸಿಯ ಮತ್ತೊಂದು ಭಾಗವನ್ನೂ, ಸಿಡಿ4 ಎರಡನೇ ವರ್ಗದ ಎಂಎಚ್‌ಸಿಯನ್ನೂ ಹಿಡಿದುಕೊಳ್ಳುತ್ತವೆ. ಅದಕ್ಕಿಂತ ಮುಖ್ಯವಾಗಿ, ಇವುಗಳ ಒಳಬಾಲಕ್ಕೆ ಎಲ್‌ಸಿಕೆ ಎಂಬ ಕಿಣ್ವ ಅಂಟಿಕೊಂಡಿರುತ್ತದೆ; ಸಹಗ್ರಾಹಿ ಹತ್ತಿರ ಬಂದರೆ ಕಿಣ್ವವೂ ಕೆಲಸದ ಸ್ಥಳಕ್ಕೆ ಬಂದಂತೆಯೇ. ಎಚ್‌ಐವಿ ಕೋಶದೊಳಕ್ಕೆ ನುಗ್ಗಲು ಬಳಸಿಕೊಳ್ಳುವುದು ಇದೇ ಸಿಡಿ4 ಅನ್ನು.

ಹೊರಗೆ ನಡೆದ ಸ್ಪರ್ಶ ಕೋಶಕೇಂದ್ರದವರೆಗೆ ಮುಟ್ಟುವುದು ಹೇಗೆ?

ಮುಖ್ಯ ಗ್ರಾಹಿಯಲ್ಲಿ ಪ್ರತಿಜನಕವನ್ನು ಗುರುತಿಸುವ ಆಲ್ಫಾ ಮತ್ತು ಬೀಟಾ ಎಂಬ ಪ್ರೋಟೀನ್ ಸರಪಳಿಗಳ ಒಳಬಾಲ ತೀರ ಗಿಡ್ಡ. ಸ್ವತಃ ಯಾವ ಸಂಕೇತವನ್ನೂ ಕಳಿಸುವ ಶಕ್ತಿ ಅವಕ್ಕಿಲ್ಲ. ಆ ಕೆಲಸ ಅವುಗಳ ಜೊತೆಯಲ್ಲೇ ಪೊರೆಯಲ್ಲಿ ನೆಟ್ಟುಕೊಂಡಿರುವ ಸಿಡಿ3 ಸಮೂಹದ ಆರು ಸರಪಳಿಗಳದ್ದು. ಈ ಸರಪಳಿಗಳ ಒಳಬಾಲಗಳಲ್ಲಿ ಒಟ್ಟು ಹತ್ತು ಸಂಕೇತ ತಾಣಗಳಿದ್ದು, ಒಂದೊಂದರಲ್ಲೂ ಟೈರೋಸಿನ್ ಎಂಬ ಅಮೈನೋ ಆಮ್ಲ ಎರಡೆರಡಿರುತ್ತವೆ.

ಗ್ರಾಹಿ ತನ್ನ ಪೆಪ್ಟೈಡನ್ನು ಕಂಡ ಕೆಲವೇ ಸೆಕೆಂಡುಗಳಲ್ಲಿ ಎಲ್‌ಸಿಕೆ ಕಿಣ್ವ ಆ ಟೈರೋಸಿನ್‌ಗಳಿಗೆ ಫಾಸ್ಫೇಟನ್ನು ಜೋಡಿಸುತ್ತದೆ. ಫಾಸ್ಫೇಟ್ ಜೋಡಿಯಾದ ತಾಣಕ್ಕೆ ಝ್ಯಾಪ್-70 ಎಂಬ ಎರಡನೆಯ ಕಿಣ್ವ ಬಂದು ಕೂರುತ್ತದೆ, ತಾನೂ ಸಕ್ರಿಯವಾಗಿ, ಪೊರೆಗೆ ಅಂಟಿದ ಎಲ್‌ಎಟಿ ಎಂಬ ಪ್ರೋಟೀನಿಗೆ ಫಾಸ್ಫೇಟ್ ಜೋಡಿಸುತ್ತದೆ. ಎಲ್‌ಎಟಿಯ ಸುತ್ತ ಹತ್ತಾರು ಪ್ರೋಟೀನುಗಳು ನೆರೆಯುತ್ತವೆ, ಮತ್ತು ಅಲ್ಲಿಂದ ದಾರಿ ಕವಲೊಡೆಯುತ್ತದೆ. ಒಂದು ಕವಲಿನಲ್ಲಿ ಕೋಶದೊಳಗಿನ ಸಂಗ್ರಹದಿಂದ ಕ್ಯಾಲ್ಸಿಯಂ ಬಿಡುಗಡೆಯಾಗಿ, ಆ ಸಂಗ್ರಹ ಬರಿದಾದದ್ದೇ ಕಾರಣವಾಗಿ ಓರೈ1 ಎಂಬ ಪೊರೆಯ ನಾಳ ತೆರೆದು ಹೊರಗಿನಿಂದ ಮತ್ತಷ್ಟು ಕ್ಯಾಲ್ಸಿಯಂ ಒಳಬರುತ್ತದೆ; ಆ ಕ್ಯಾಲ್ಸಿಯಂ ಕ್ಯಾಲ್ಸಿನ್ಯೂರಿನ್ ಎಂಬ ಕಿಣ್ವವನ್ನು ಎಬ್ಬಿಸುತ್ತದೆ; ಅದು ಎನ್‌ಎಫ್‌ಎಟಿ ಎಂಬ ಪ್ರೋಟೀನಿನ ಮೇಲಿದ್ದ ಫಾಸ್ಫೇಟನ್ನು ಕಳಚಿ ಅದನ್ನು ಕೋಶಕೇಂದ್ರದೊಳಕ್ಕೆ ಬಿಡುತ್ತದೆ. ಇಂಟರ್‌ಲ್ಯೂಕಿನ್-2ರ ವಂಶವಾಹಿ ತೆರೆದುಕೊಳ್ಳುವುದು ಆಗ. ಉಳಿದ ಕವಲುಗಳು ಬೇರೆ ಎರಡು ಬಗೆಯ ನಿಯಂತ್ರಕ ಪ್ರೋಟೀನುಗಳನ್ನು ಅಲ್ಲಿಗೇ ತಲುಪಿಸುತ್ತವೆ.

ಈ ಸರಣಿಯಲ್ಲಿ ಒಂದು ಕೊಂಡಿ ಕಳಚಿದರೂ ಪರಿಣಾಮ ಘೋರ. ಝ್ಯಾಪ್-70 ಇಲ್ಲದೆ ಹುಟ್ಟಿದ ಮಕ್ಕಳ ರಕ್ತದಲ್ಲಿ ಸಿಡಿ4 ಕೋಶಗಳು, ಅಂದರೆ ಸಿಡಿ4 ಹೊತ್ತ ಟಿ ಕೋಶಗಳು, ಇರುತ್ತವೆ, ಆದರೆ ಕೆಲಸ ಮಾಡುವುದಿಲ್ಲ. ಸಿಡಿ8 ಕೋಶಗಳಂತೂ ಇರುವುದೇ ಇಲ್ಲ. ಓರೈ1 ನಾಳವನ್ನು 2006ರಲ್ಲಿ ಗುರುತಿಸಿದ ತಂಡಗಳಲ್ಲಿ ಭಾರತ ಮೂಲದ ವಿಜ್ಞಾನಿ ಅಂಜನಾ ರಾವ್ ಅವರ ತಂಡವೂ ಒಂದು. ರೋಗನಿರೋಧಕ ಶಕ್ತಿಯೇ ಇಲ್ಲದೆ ಹುಟ್ಟಿದ ಮಕ್ಕಳಲ್ಲಿ ಆ ನಾಳದ ದೋಷವನ್ನು ಪತ್ತೆ ಮಾಡಿಯೇ ಅವರು ಅಲ್ಲಿಗೆ ತಲುಪಿದ್ದರು.

ಗ್ರಾಹಿಯ ಹಿಡಿತ ತುಂಬ ದುರ್ಬಲ ಎನ್ನುತ್ತಾರೆ. ಹಾಗಿದ್ದೂ ಅದು ತಪ್ಪು ಮಾಡದಿರುವುದು ಹೇಗೆ?

ದುರ್ಬಲ ಎನ್ನುವುದು ನಿಜ. ಒಳ್ಳೆಯ ಪ್ರತಿಕಾಯವೊಂದು ತನ್ನ ಪ್ರತಿಜನಕವನ್ನು ಹಿಡಿಯುವ ಬಿಗಿಗೆ ಹೋಲಿಸಿದರೆ ಟಿ ಕೋಶದ ಗ್ರಾಹಿಯ ಹಿಡಿತ ಸಾವಿರ ಪಟ್ಟಿಗೂ ಹೆಚ್ಚು ಸಡಿಲ, ಮತ್ತು ಬಂಧ ಉಳಿಯುವುದು ಕೆಲವೇ ಸೆಕೆಂಡು. ಆದರೂ ಎದುರಿನ ಕೋಶದ ಮೇಲೆ ನಮ್ಮದೇ ಪ್ರೋಟೀನುಗಳ ಸಾವಿರಾರು ತುಣುಕುಗಳಿದ್ದು, ಅವುಗಳ ಮಧ್ಯೆ ಹತ್ತಕ್ಕಿಂತ ಕಡಿಮೆ ಪರಕೀಯ ತುಣುಕುಗಳಿದ್ದರೂ ಟಿ ಕೋಶ ಅವನ್ನು ಪತ್ತೆ ಹಚ್ಚಬಲ್ಲದು.

1995ರಲ್ಲಿ ತಿಮೋತಿ ಮೆಕೈಥನ್ ಇದಕ್ಕೊಂದು ವಿವರಣೆ ಕೊಟ್ಟರು. ಮೇಲೆ ಹೇಳಿದ ಫಾಸ್ಫೇಟ್ ಜೋಡಣೆಯ ಹಂತಗಳಲ್ಲಿ ಪ್ರತಿಯೊಂದಕ್ಕೂ ಸ್ವಲ್ಪ ಸಮಯ ಬೇಕು. ಬಂಧ ಅರ್ಧದಲ್ಲೇ ಕಳಚಿದರೆ ಆವರೆಗಿನ ಕೆಲಸವೆಲ್ಲ ಅಳಿಸಿಹೋಗುತ್ತದೆ. ಸ್ವಂತ ಪೆಪ್ಟೈಡುಗಳು ಬೇಗ ಕಳಚುವುದರಿಂದ ಕೊನೆಯ ಹಂತ ಮುಟ್ಟುವುದೇ ಇಲ್ಲ. ಹೀಗೆ ಬಂಧ ಬಾಳುವ ಅವಧಿಯಲ್ಲಿನ ಸಣ್ಣ ವ್ಯತ್ಯಾಸವೂ ಫಲಿತಾಂಶದಲ್ಲಿ ದೊಡ್ಡ ವ್ಯತ್ಯಾಸವಾಗುತ್ತದೆ. ಜೊತೆಗೆ, ಫಾಸ್ಫೇಟನ್ನು ಕಿತ್ತುಹಾಕುವ ಸಿಡಿ45 ಎಂಬ ಪ್ರೋಟೀನಿನ ಹೊರಭಾಗ ಬಹಳ ಉದ್ದವಾಗಿದೆ. ಎರಡು ಕೋಶಗಳು ಗ್ರಾಹಿಯ ಮೂಲಕ ಸುಮಾರು 15 ನ್ಯಾನೊಮೀಟರ್‌ನಷ್ಟು ಹತ್ತಿರ ಬಂದಾಗ ಆ ಕಿರಿದಾದ ಜಾಗದಲ್ಲಿ ಸಿಡಿ45ಗೆ ಎಡೆಯಿರುವುದಿಲ್ಲ. ಅದು ಪಕ್ಕಕ್ಕೆ ಸರಿದ ಕಡೆಯಲ್ಲೇ ಫಾಸ್ಫೇಟ್ ಉಳಿದುಕೊಳ್ಳುತ್ತದೆ. ಇಡೀ ವ್ಯವಸ್ಥೆಯಲ್ಲಿ ನನಗೆ ಅತ್ಯಂತ ಸೊಗಸಾಗಿ ಕಾಣುವುದು ಇದೇ: ಕೇವಲ ಅಣುವಿನ ಎತ್ತರದಿಂದ ಇಷ್ಟು ದೊಡ್ಡ ತೀರ್ಮಾನ ಸಾಧ್ಯವಾಗಿದೆ.

ಪ್ರತಿಜನಕ ಸಿಕ್ಕಿತು, ಗ್ರಾಹಿ ಸಂಕೇತ ಕಳಿಸಿತು. ಇಷ್ಟು ಸಾಲದೇ?

ಸಾಲದು. ಬ್ಯಾಂಕಿನ ಲಾಕರ್ ತೆರೆಯಲು ಗ್ರಾಹಕನ ಕೀಲಿಯ ಜೊತೆಗೆ ಬ್ಯಾಂಕಿನವರ ಕೀಲಿಯೂ ಬೇಕಾಗುವಂತೆ, ಹೊಸ ಟಿ ಕೋಶಕ್ಕೆ ಎರಡನೆಯ ಸಂಕೇತವೊಂದು ಬೇಕೇ ಬೇಕು. ಅದನ್ನು ಪಡೆಯುವ ಮುಖ್ಯ ಗ್ರಾಹಿ ಸಿಡಿ28. ಎದುರಿನ ಕೋಶದ ಮೇಲೆ ಸಿಡಿ80 ಅಥವಾ ಸಿಡಿ86 ಎಂಬ ಪ್ರೋಟೀನುಗಳಿದ್ದರೆ ಸಿಡಿ28 ಅವನ್ನು ಹಿಡಿದು, ಕೋಶದ ಬದುಕುಳಿಯುವಿಕೆಗೂ ಸಕ್ಕರೆಯ ಬಳಕೆಗೂ ಇಂಟರ್‌ಲ್ಯೂಕಿನ್-2ರ ಉತ್ಪಾದನೆಗೂ ಬೇಕಾದ ಸಂಕೇತಗಳನ್ನು ಒಳಕ್ಕೆ ಕಳಿಸುತ್ತದೆ.

ಲಾಕರಿನ ಹೋಲಿಕೆ ಒಂದು ಮಾತಿನಲ್ಲಿ ಸೋಲುತ್ತದೆ. ಎರಡನೆಯ ಕೀಲಿ ಸಿಗದಿದ್ದರೆ ಲಾಕರ್ ಸುಮ್ಮನೆ ಮುಚ್ಚಿಕೊಂಡಿರುತ್ತದೆ, ನಾಳೆ ಮತ್ತೆ ಬರಬಹುದು. ಟಿ ಕೋಶ ಹಾಗಲ್ಲ. ಎರಡನೆಯ ಸಂಕೇತವಿಲ್ಲದೆ ಮೊದಲನೆಯದು ಮಾತ್ರ ದೊರೆತ ಕೋಶ ಮಂಕಾಗುತ್ತದೆ, ಮುಂದೆ ಎರಡೂ ಸಂಕೇತಗಳು ದೊರೆತರೂ ಸರಿಯಾಗಿ ಸ್ಪಂದಿಸುವುದಿಲ್ಲ. 1987ರಲ್ಲಿ ಮಾರ್ಕ್ ಜೆಂಕಿನ್ಸ್ ಮತ್ತು ರೊನಾಲ್ಡ್ ಶ್ವಾರ್ಟ್ಸ್ ಪ್ರಯೋಗಶಾಲೆಯಲ್ಲಿ ಇದನ್ನು ತೋರಿಸಿದರು. ಥೈಮಸ್‌ನ ಜರಡಿಯಿಂದ ತಪ್ಪಿಸಿಕೊಂಡು ಬಂದ, ನಮ್ಮದೇ ದೇಹದ ವಿರುದ್ಧ ತಿರುಗಬಲ್ಲ ಕೋಶಗಳನ್ನು ಸುಮ್ಮನಾಗಿಸುವ ಉಪಾಯಗಳಲ್ಲಿ ಇದೂ ಒಂದು.

ಹಾಗಾದರೆ ಎರಡನೆಯ ಸಂಕೇತ ಯಾವಾಗ ದೊರೆಯುತ್ತದೆ ಎಂಬುದನ್ನು ನಿರ್ಧರಿಸುವವರು ಯಾರು?

ಮುಖ್ಯವಾಗಿ, ಪ್ರತಿಜನಕವನ್ನು ಹಿಡಿದು ಟಿ ಕೋಶಗಳಿಗೆ ತೋರಿಸುವ ಡೆಂಡ್ರಿಟಿಕ್ ಕೋಶಗಳು. ರಾಲ್ಫ್ ಸ್ಟೈನ್‌ಮನ್ 1973ರಲ್ಲಿ ಇವನ್ನು ಗುರುತಿಸಿದಾಗ ಹಲವರು ನಂಬಿರಲಿಲ್ಲ. 2011ರಲ್ಲಿ ಅವರಿಗೆ ನೊಬೆಲ್ ಘೋಷಣೆಯಾಯಿತು, ಆದರೆ ಅವರು ಮೂರು ದಿನಗಳ ಹಿಂದೆಯೇ ತೀರಿಕೊಂಡಿದ್ದರು. ಶಾಂತ ಸ್ಥಿತಿಯಲ್ಲಿ ಈ ಕೋಶಗಳ ಮೇಲೆ ಸಿಡಿ80, ಸಿಡಿ86 ಬಹಳ ಕಡಿಮೆ. ಬ್ಯಾಕ್ಟೀರಿಯಾದ ಕೋಶಭಿತ್ತಿಯ ತುಣುಕು, ವೈರಸ್ಸಿನ ಆರ್‌ಎನ್‌ಎ ಮುಂತಾದ, ನಮ್ಮ ದೇಹದಲ್ಲಿ ಸಹಜವಾಗಿ ಇರದ ವಸ್ತುಗಳನ್ನು ಇವುಗಳ ಟೋಲ್ ಮಾದರಿಯ ಗ್ರಾಹಿಗಳು ಕಂಡಾಗ ಮಾತ್ರ ಸಿಡಿ80, ಸಿಡಿ86 ಮೇಲ್ಮೈಗೆ ಏರಿಬರುತ್ತವೆ. ಅಂದರೆ ಮೊದಲ ಸಂಕೇತ ‘ಇದು ಯಾವುದು’ ಎಂದು ಹೇಳುತ್ತದೆ, ಎರಡನೆಯದು ‘ಇದರಿಂದ ಅಪಾಯವಿದೆ’ ಎಂದು ಹೇಳುತ್ತದೆ. ಇಂಥ ಒಂದು ವ್ಯವಸ್ಥೆ ಇರಲೇಬೇಕೆಂದು ಚಾರ್ಲ್ಸ್ ಜೇನ್‌ವೇ 1989ರಲ್ಲೇ ತರ್ಕಿಸಿದ್ದರು.

ಲಸಿಕೆಗಳಿಗೆ ಸಹಾಯಕ ದ್ರವ್ಯ ಸೇರಿಸುವ ಕಾರಣವೂ ಇಲ್ಲಿಯೇ ಇದೆ. ಬರೀ ಶುದ್ಧ ಪ್ರೋಟೀನನ್ನು ಚುಚ್ಚಿದರೆ ದೇಹ ಹೆಚ್ಚು ಗಮನ ಕೊಡುವುದಿಲ್ಲ. ಭಾರತದ ಕೋವ್ಯಾಕ್ಸಿನ್‌ನಲ್ಲಿ ಅಲ್ಯೂಮಿನಿಯಂ ಲವಣಕ್ಕೆ ಅಂಟಿಸಿ ಸೇರಿಸಿದ್ದ ಅಣು, ಡೆಂಡ್ರಿಟಿಕ್ ಕೋಶಗಳಂಥ ಕೋಶಗಳ ಒಳಚೀಲಗಳಲ್ಲಿರುವ ಟೋಲ್ 7 ಮತ್ತು 8 ಗ್ರಾಹಿಗಳನ್ನು ಕೆಣಕಲೆಂದೇ ಆರಿಸಿದ್ದು.

ಪ್ರತಿಜನಕವನ್ನು ಬಿಟ್ಟು ಸಿಡಿ28 ಅನ್ನೇ ನೇರವಾಗಿ ಕೆಣಕಿದರೆ ಏನಾಗುತ್ತದೆ?

ಇದನ್ನು ಮನುಷ್ಯರ ಮೇಲೆ ಒಮ್ಮೆ ಮಾಡಿ ನೋಡಲಾಗಿದೆ. ಟಿಜಿಎನ್1412 ಎಂಬ ಪ್ರತಿಕಾಯ ಸಿಡಿ28ರ ಒಂದು ವಿಶಿಷ್ಟ ಭಾಗಕ್ಕೆ ಅಂಟಿಕೊಂಡು, ಮೊದಲ ಸಂಕೇತದ ಹಂಗಿಲ್ಲದೆಯೇ ಟಿ ಕೋಶಗಳನ್ನು ಎಬ್ಬಿಸಬಲ್ಲದಾಗಿತ್ತು. ಪ್ರಾಣಿಗಳಲ್ಲಿ ಅದು ಉರಿಯೂತವನ್ನು ತಣಿಸುವ ನಿಯಂತ್ರಕ ಟಿ ಕೋಶಗಳನ್ನು ಹೆಚ್ಚಾಗಿ ಬೆಳೆಸುವಂತೆ ಕಂಡದ್ದರಿಂದ, ಸಂಧಿವಾತ ಮತ್ತು ಒಂದು ಬಗೆಯ ರಕ್ತದ ಕ್ಯಾನ್ಸರಿಗೆ ಔಷಧವಾದೀತೆಂಬ ಆಸೆಯಿತ್ತು. 2006ರ ಮಾರ್ಚ್ 13ರಂದು ಲಂಡನ್ನಿನ ನಾರ್ತ್‌ವಿಕ್ ಪಾರ್ಕ್ ಆಸ್ಪತ್ರೆಯ ಆವರಣದಲ್ಲಿದ್ದ ಪ್ರಯೋಗ ಘಟಕದಲ್ಲಿ ಆರೋಗ್ಯವಂತ ಆರು ಯುವಕರಿಗೆ ಅದನ್ನು ಕೆಲವೇ ನಿಮಿಷಗಳ ಅಂತರದಲ್ಲಿ ಒಬ್ಬರಾದ ಮೇಲೊಬ್ಬರಿಗೆ ಕೊಡಲಾಯಿತು. ಪ್ರಮಾಣ ಮಂಗಗಳಿಗೆ ಸುರಕ್ಷಿತವೆಂದು ಕಂಡದ್ದರ ಐನೂರರಲ್ಲಿ ಒಂದು ಪಾಲು. ಸುಮಾರು ಒಂದೂವರೆ ಗಂಟೆಯೊಳಗೆ ತಲೆನೋವು, ಮೈಕೈ ನೋವು, ವಾಂತಿ, ಜ್ವರ ಶುರುವಾದವು. ದಿನ ಮುಗಿಯುವಷ್ಟರಲ್ಲಿ ಆರೂ ಜನರ ಸ್ಥಿತಿ ಗಂಭೀರವಾಗಿ, ಒಂದೊಂದೇ ಅಂಗ ಸೋಲತೊಡಗಿತು. ಎಲ್ಲರೂ ಬದುಕಿದರು, ಒಬ್ಬರು ಮಾತ್ರ ಕಾಲ್ಬೆರಳುಗಳನ್ನೂ ಕೈಬೆರಳುಗಳ ತುದಿಗಳನ್ನೂ ಕಳೆದುಕೊಂಡರು.

ಮಂಗಗಳಿಗೆ ಏನೂ ಆಗಲಿಲ್ಲವಲ್ಲ ಎಂಬ ಪ್ರಶ್ನೆಗೆ ಉತ್ತರ ನಂತರ ದೊರೆಯಿತು. ಹಳೆಯ ಸೋಂಕುಗಳ ನೆನಪನ್ನು ಹೊತ್ತು ಅಂಗಾಂಶಗಳಲ್ಲಿ ಕಾಯುತ್ತಿರುವ ಸಿಡಿ4 ಸ್ಮೃತಿಕೋಶಗಳ ಮೇಲೆ ಮನುಷ್ಯರಲ್ಲಿ ಸಿಡಿ28 ಇರುತ್ತದೆ. ಪರೀಕ್ಷೆಗೆ ಬಳಸಿದ ಮಕಾಕ್ ಜಾತಿಯ ಮಂಗಗಳಲ್ಲಿ ಆ ಕೋಶಗಳು ಸಿಡಿ28 ಅನ್ನು ಕಳೆದುಕೊಂಡಿರುತ್ತವೆ. ಮಂಗಗಳ ಗ್ರಾಹಿಯ ರಚನೆಯನ್ನು ಹೋಲಿಸಿ ನೋಡಿದ್ದವರು, ಆ ಗ್ರಾಹಿ ಯಾವ ಕೋಶಗಳ ಮೇಲೆ ಇದೆ ಎಂಬುದನ್ನು ಸಾಕಷ್ಟು ನೋಡಿರಲಿಲ್ಲ. ಆ ಬಳಿಕ ಹೊಸ ಪ್ರತಿಕಾಯವನ್ನು ಮೊದಲ ಸಲ ಮನುಷ್ಯರಿಗೆ ಕೊಡುವಾಗ ಒಬ್ಬರಿಗೆ ಕೊಟ್ಟು ಕಾದು ನೋಡಿ ನಂತರವೇ ಮತ್ತೊಬ್ಬರಿಗೆ ಕೊಡುವುದು ಮತ್ತು ಪ್ರಾಣಿಗಳಲ್ಲಿ ಸುರಕ್ಷಿತವಾದ ಪ್ರಮಾಣದ ಬದಲು, ಮನುಷ್ಯನ ಕೋಶಗಳಲ್ಲಿ ಕನಿಷ್ಠ ಪರಿಣಾಮ ತೋರುವ ಪ್ರಮಾಣದಿಂದ ಆರಂಭಿಸುವುದು ರೂಢಿಗೆ ಬಂದಿತು.

ಮೂರನೆಯ ಸಂಕೇತ ಎಂದೂ ಹೇಳುತ್ತಾರಲ್ಲ?

ಕೋಶಗಳು ಪರಸ್ಪರ ಸಂದೇಶಕ್ಕಾಗಿ ಸ್ರವಿಸುವ ಸೈಟೊಕೈನ್ ಎಂಬ ಪ್ರೋಟೀನುಗಳಿಂದ ಬರುವ ಸಂಕೇತಕ್ಕೆ ಹಾಗೆನ್ನುತ್ತಾರೆ. ಕೋಶ ಯಾವ ಕೆಲಸಕ್ಕೆ ತಯಾರಾಗಬೇಕು ಎಂಬುದನ್ನು ಅದು ತಿಳಿಸುತ್ತದೆ. ಸಕ್ರಿಯಗೊಂಡ ಕೋಶ ಸಿಡಿ25 ಎಂಬ ಸರಪಳಿಯನ್ನು ಸೇರಿಸಿಕೊಂಡು ತನ್ನ ಇಂಟರ್‌ಲ್ಯೂಕಿನ್-2 ಗ್ರಾಹಿಯನ್ನು ಇನ್ನಷ್ಟು ಸೂಕ್ಷ್ಮಗೊಳಿಸಿಕೊಳ್ಳುತ್ತದೆ.

ಟಿ ಕೋಶವನ್ನು ನಿಲ್ಲಿಸುವ ಗ್ರಾಹಿಗಳೂ ಇವೆಯೇ?

ಇವೆ, ಮತ್ತು ಇವತ್ತಿನ ಕ್ಯಾನ್ಸರ್ ಚಿಕಿತ್ಸೆಯಲ್ಲಿ ಹೆಚ್ಚು ಚರ್ಚೆಯಾಗುತ್ತಿರುವುದು ಇವೇ. ಟಿ ಕೋಶ ಸಕ್ರಿಯಗೊಂಡ ಮೇಲೆ ಸಿಟಿಎಲ್‌ಎ-4 ಎಂಬ ಗ್ರಾಹಿಯನ್ನು ಮೇಲ್ಮೈಗೆ ತರುತ್ತದೆ. ಅದು ಸಿಡಿ28ರ ದಾಯಾದಿ; ಹಿಡಿಯುವುದೂ ಅದೇ ಸಿಡಿ80 ಮತ್ತು ಸಿಡಿ86 ಅನ್ನು, ಆದರೆ ಬಹಳ ಹೆಚ್ಚು ಬಿಗಿಯಾಗಿ. ಎದುರಿನ ಕೋಶದ ಮೇಲಿಂದ ಅವನ್ನು ಕಿತ್ತು ತನ್ನೊಳಕ್ಕೆ ಎಳೆದುಕೊಳ್ಳುವುದೂ ಉಂಟು. ಸಿಟಿಎಲ್‌ಎ-4 ಇಲ್ಲದ ಇಲಿಗಳು, ಮಿತಿಮೀರಿ ಬೆಳೆದ ಟಿ ಕೋಶಗಳು ಅಂಗಾಂಗಗಳನ್ನು ಆಕ್ರಮಿಸಿದ್ದರಿಂದ, ಮೂರು ನಾಲ್ಕು ವಾರಗಳಲ್ಲೇ ಸಾಯುತ್ತವೆ. ಪಿಡಿ-1 ಇನ್ನೊಂದು ತಡೆಗ್ರಾಹಿ; 1992ರಲ್ಲಿ ಕ್ಯೋಟೊದಲ್ಲಿ ತಾಸುಕು ಹೋಂಜೊ ಅವರ ಪ್ರಯೋಗಶಾಲೆ ಇದನ್ನು ಪತ್ತೆ ಮಾಡಿತು. ಅದು ಜೊತೆಗೂಡುವ ಪಿಡಿ-ಎಲ್1 ಪ್ರೋಟೀನನ್ನು ಅನೇಕ ಗಡ್ಡೆಗಳು ತಮ್ಮ ಮೇಲೆ ಧಾರಾಳವಾಗಿ ಹರಡಿಕೊಂಡು ಟಿ ಕೋಶಗಳಿಂದ ತಪ್ಪಿಸಿಕೊಳ್ಳುತ್ತವೆ. ಪಿಡಿ-1 ಮುಖ್ಯವಾಗಿ ಹೊಡೆಯುವುದು ಸಿಡಿ28ರ ಸಂಕೇತವನ್ನೇ ಎಂದು 2017ರ ಅಧ್ಯಯನಗಳು ತೋರಿಸಿದವು.

ಈ ತಡೆಗ್ರಾಹಿಗಳನ್ನು ಪ್ರತಿಕಾಯದಿಂದ ಮುಚ್ಚಿಬಿಟ್ಟರೆ ಟಿ ಕೋಶ ಮತ್ತೆ ಗಡ್ಡೆಯ ಮೇಲೆರಗುತ್ತದೆ ಎಂಬುದನ್ನು ಜೇಮ್ಸ್ ಆಲಿಸನ್ 1996ರಲ್ಲಿ ಇಲಿಗಳಲ್ಲಿ ತೋರಿಸಿದರು. ಸಿಟಿಎಲ್‌ಎ-4 ತಡೆಯುವ ಇಪಿಲಿಮುಮ್ಯಾಬ್‌ಗೆ 2011ರಲ್ಲಿ ಅಮೆರಿಕದಲ್ಲಿ ಮನ್ನಣೆ ದೊರೆಯಿತು; 2018ರ ನೊಬೆಲ್ ಪ್ರಶಸ್ತಿಯನ್ನು ಆಲಿಸನ್ ಮತ್ತು ಹೋಂಜೊ ಹಂಚಿಕೊಂಡರು. ಇಂಥ ಔಷಧ ಪಡೆದವರಲ್ಲಿ ಥೈರಾಯ್ಡ್, ಕರುಳು, ಚರ್ಮ ಮುಂತಾದವುಗಳ ಮೇಲೆ ಸ್ವಂತ ಟಿ ಕೋಶಗಳೇ ತಿರುಗಿಬೀಳುವ ತೊಂದರೆ ಕಾಣಿಸಿಕೊಳ್ಳಬಹುದು. ತಡೆ ಇದ್ದದ್ದೇ ಅದಕ್ಕಾಗಿ ಎಂದ ಮೇಲೆ ಇದರಲ್ಲಿ ಆಶ್ಚರ್ಯವಿಲ್ಲ.

ಇಂಥ ಔಷಧಗಳ ಬೆಲೆಯ ಮಾತು ಬಂದಾಗ ನಮ್ಮ ದೇಶದ ಒಂದು ಅಧ್ಯಯನವನ್ನು ಹೇಳಲೇಬೇಕು. ಪಿಡಿ-1 ಗ್ರಾಹಿಗಳೆಲ್ಲ ಮುಚ್ಚಿಹೋಗಲು ಅವನ್ನು ತಡೆಯುವ ನಿವೊಲುಮ್ಯಾಬ್ ಎಂಬ ಪ್ರತಿಕಾಯ ಅಲ್ಪ ಪ್ರಮಾಣದಲ್ಲಿ ಸಾಕು, ಅದಕ್ಕಿಂತ ಹೆಚ್ಚು ಕೊಟ್ಟರೆ ಅಂಟಿಕೊಳ್ಳಲು ಖಾಲಿ ಗ್ರಾಹಿಗಳೇ ಉಳಿದಿರುವುದಿಲ್ಲ. ಈ ತರ್ಕವನ್ನು ಹಿಡಿದು ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು ತಲೆ ಮತ್ತು ಕುತ್ತಿಗೆಯ ಕ್ಯಾನ್ಸರ್ ಮುಂದುವರಿದವರಿಗೆ ವಾಡಿಕೆಯ 240 ಮಿಲಿಗ್ರಾಂ ಬದಲು ಮೂರು ವಾರಕ್ಕೊಮ್ಮೆ 20 ಮಿಲಿಗ್ರಾಂ ಔಷಧವನ್ನು ಬೇರೆ ಮಾತ್ರೆಗಳ ಜೊತೆ ಕೊಟ್ಟು ನೋಡಿದರು. ಒಂದು ವರ್ಷ ಬದುಕಿದವರ ಪ್ರಮಾಣ ಮಾತ್ರೆ ಮಾತ್ರ ಪಡೆದವರಲ್ಲಿ ಸುಮಾರು ಶೇ 16 ಇದ್ದರೆ, ಇವರಲ್ಲಿ ಸುಮಾರು ಶೇ 43 ಇತ್ತು. ಗ್ರಾಹಿಗಳ ಲೆಕ್ಕ ಹಾಕುವುದರಿಂದ ಬಡ ರೋಗಿಗೆ ಆಗುವ ಲಾಭಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತೋಚುವುದಿಲ್ಲ.

ಮೂತ್ರಪಿಂಡ ಕಸಿ ಮಾಡಿಸಿಕೊಂಡವರ ಔಷಧಗಳಿಗೂ ಈ ಗ್ರಾಹಿಗಳಿಗೂ ಸಂಬಂಧವಿದೆಯೇ?

ನೇರ ಸಂಬಂಧವಿದೆ. ದಿನವೂ ನುಂಗುವ ಟ್ಯಾಕ್ರೊಲಿಮಸ್ ಅಥವಾ ಸೈಕ್ಲೋಸ್ಪೋರಿನ್ ತಡೆಯುವುದು ಮೇಲೆ ಹೇಳಿದ ಕ್ಯಾಲ್ಸಿನ್ಯೂರಿನ್ ಕಿಣ್ವವನ್ನು. ಶಸ್ತ್ರಚಿಕಿತ್ಸೆಯ ವೇಳೆ ಕೊಡುವ ಬ್ಯಾಸಿಲಿಕ್ಸಿಮ್ಯಾಬ್ ಸಿಡಿ25 ಅನ್ನು ಮುಚ್ಚುತ್ತದೆ. ಬೆಲಟಾಸೆಪ್ಟ್ ಎಂಬುದು ಸಿಟಿಎಲ್‌ಎ-4ರ ತುಸು ಬದಲಿಸಿದ ರೂಪವೇ ಆಗಿದ್ದು, ಸಿಡಿ80 ಮತ್ತು ಸಿಡಿ86 ಅನ್ನು ಮೊದಲೇ ಆಕ್ರಮಿಸಿ ಎರಡನೆಯ ಸಂಕೇತ ಹುಟ್ಟದಂತೆ ಮಾಡುತ್ತದೆ.

ಬೆಂಗಳೂರಿನ ಬಯೋಕಾನ್ ಸಂಸ್ಥೆ ಕ್ಯೂಬಾದ ವಿಜ್ಞಾನಿಗಳೊಂದಿಗೆ ಅಭಿವೃದ್ಧಿಪಡಿಸಿದ ಇಟೊಲಿಜುಮ್ಯಾಬ್ ಕೂಡ ಟಿ ಕೋಶದ ಒಂದು ಮೇಲ್ಮೈ ಗ್ರಾಹಿಯನ್ನೇ, ಸಿಡಿ6 ಅನ್ನು, ಗುರಿಯಾಗಿಸಿಕೊಂಡದ್ದು. 2013ರಲ್ಲಿ ಸೋರಿಯಾಸಿಸ್ ಚರ್ಮರೋಗಕ್ಕೆ ಭಾರತದಲ್ಲಿ ಅನುಮತಿ ಪಡೆದಿದ್ದ ಅದಕ್ಕೆ, 2020ರಲ್ಲಿ ಕೋವಿಡ್ ತೀವ್ರಗೊಂಡವರಿಗೂ ತುರ್ತು ಬಳಕೆಯ ಅನುಮತಿ ಸಿಕ್ಕಿತು. 30 ರೋಗಿಗಳ ಪುಟ್ಟ ಅಧ್ಯಯನ ಅದಕ್ಕೆ ಸಾಲದೆಂಬ ಆಕ್ಷೇಪವೂ ಆಗ ಕೇಳಿಬಂದಿತ್ತು.

ಕ್ಯಾನ್ಸರಿಗೆ ಕೊಡುವ ಕಾರ್-ಟಿ ಚಿಕಿತ್ಸೆಯಲ್ಲಿ ಗ್ರಾಹಿಯನ್ನೇ ಬದಲಿಸುತ್ತಾರೆ ಎನ್ನುವುದು ನಿಜವೇ?

ಬದಲಿಸುವುದಿಲ್ಲ, ಹೊಸದೊಂದನ್ನು ಸೇರಿಸುತ್ತಾರೆ. ರೋಗಿಯ ರಕ್ತದಿಂದ ಟಿ ಕೋಶಗಳನ್ನು ತೆಗೆದು, ಕೃತಕ ಗ್ರಾಹಿಯ ವಂಶವಾಹಿಯನ್ನು ಅವುಗಳೊಳಗೆ ಸೇರಿಸಿ, ಬೆಳೆಸಿ, ಮರಳಿ ದೇಹಕ್ಕೆ ಬಿಡುತ್ತಾರೆ. ಆ ಗ್ರಾಹಿಯ ಹೊರಭಾಗ ಪ್ರತಿಕಾಯದ ತುಣುಕು. ಆದ್ದರಿಂದ ಅದಕ್ಕೆ ಎಂಎಚ್‌ಸಿಯ ಅಗತ್ಯವಿಲ್ಲ, ಕ್ಯಾನ್ಸರ್ ಕೋಶದ ಮೇಲಿನ ಸಿಡಿ19 ಮುಂತಾದ ಪ್ರೋಟೀನನ್ನು ನೇರವಾಗಿ ಹಿಡಿಯುತ್ತದೆ. ಒಳಭಾಗದಲ್ಲಿ ಸಿಡಿ3 ಸಮೂಹದ ಝೀಟಾ ಸರಪಳಿಯ ಬಾಲ, ಅದರ ಪಕ್ಕದಲ್ಲೇ ಸಿಡಿ28 ಅಥವಾ 4-1ಬಿಬಿ ಎಂಬ ಗ್ರಾಹಿಯ ಬಾಲ. ಬರೀ ಝೀಟಾ ಬಾಲವಿದ್ದ ಮೊದಲ ತಲೆಮಾರಿನ ಗ್ರಾಹಿಗಳು ರೋಗಿಗಳಲ್ಲಿ ಹೆಚ್ಚು ಕಾಲ ಬಾಳಲಿಲ್ಲ. ಎರಡನೆಯ ಸಂಕೇತದ ಬಾಲ ಸೇರಿದ ಮೇಲೆಯೇ ಚಿಕಿತ್ಸೆ ಫಲಿಸಿತು. ಅಮೆರಿಕದಲ್ಲಿ ಮೊದಲ ಅನುಮತಿ ದೊರೆತದ್ದು 2017ರಲ್ಲಿ. ಐಐಟಿ ಬಾಂಬೆ ಮತ್ತು ಟಾಟಾ ಸ್ಮಾರಕ ಕೇಂದ್ರಗಳ ಸಹಯೋಗದಲ್ಲಿ ರೂಪುಗೊಂಡ ನೆಕ್ಸ್‌ಕಾರ್19ಗೆ ಭಾರತದಲ್ಲಿ 2023ರ ಅಕ್ಟೋಬರ್‌ನಲ್ಲಿ ಅನುಮತಿ ಸಿಕ್ಕಿತು. ಬೆಂಗಳೂರಿನ ಇಮ್ಯುನೀಲ್ ಸಂಸ್ಥೆಯೂ ಇದೇ ಬಗೆಯ ಚಿಕಿತ್ಸೆಯನ್ನು ಒದಗಿಸುತ್ತಿದೆ.

‘ರೋಗನಿರೋಧಕ ಶಕ್ತಿ ಹೆಚ್ಚಿಸುವ’ ಪುಡಿ, ಕಷಾಯಗಳು ಈ ಗ್ರಾಹಿಗಳನ್ನು ಚುರುಕುಗೊಳಿಸುತ್ತವೆಯೇ?

ಜಾಹೀರಾತುಗಳು ಹಾಗೆ ಸೂಚಿಸುತ್ತವೆ. ಆದರೆ ಯಾವ ಪ್ರತಿಜನಕಕ್ಕೆಂದು ಹೇಳದೆ ಟಿ ಕೋಶಗಳನ್ನು ಸಾರಾಸಗಟಾಗಿ ಎಬ್ಬಿಸುವ ವಸ್ತುವೊಂದು ನಿಜಕ್ಕೂ ಆ ಡಬ್ಬಿಯಲ್ಲಿದ್ದರೆ, ಅದನ್ನು ಕುಡಿದವರನ್ನು ತೀವ್ರ ನಿಗಾ ಘಟಕಕ್ಕೆ ಸೇರಿಸಬೇಕಾಗುತ್ತಿತ್ತು.

ನನ್ನ ಟಿ ಕೋಶಗಳು ಸ್ಪಂದಿಸುತ್ತಿವೆಯೇ ಎಂದು ತಿಳಿಯುವ ಪರೀಕ್ಷೆ ಇದೆಯೇ?

ಒಟ್ಟಾರೆಯಾಗಿ ಅಳೆಯುವ ಸರಳ ಪರೀಕ್ಷೆ ಇಲ್ಲ. ಒಂದು ನಿರ್ದಿಷ್ಟ ಪ್ರತಿಜನಕಕ್ಕೆ ಅವು ಸ್ಪಂದಿಸುತ್ತವೆಯೇ ಎಂದು ನೋಡಬಹುದು. ಕ್ಷಯದ ಶಂಕೆಯಿದ್ದಾಗ ಮುಂಗೈ ಚರ್ಮಕ್ಕೆ ಚುಚ್ಚುವ ಮಾಂಟೂ ಪರೀಕ್ಷೆ ಅಂಥದ್ದು. ಟ್ಯೂಬರ್‌ಕ್ಯುಲಿನ್ ಪ್ರೋಟೀನನ್ನು ಈ ಹಿಂದೆ ಕಂಡಿರುವ ಸ್ಮೃತಿಕೋಶಗಳಿದ್ದರೆ ಅವು ಅಲ್ಲಿಗೆ ಬಂದು, ಸಕ್ರಿಯಗೊಂಡು, ಇತರ ಕೋಶಗಳನ್ನೂ ಕರೆತಂದು ಗಟ್ಟಿಯಾದ ಗಂಟು ಏಳಿಸುತ್ತವೆ. ಅದಕ್ಕೆ ಎರಡು ಮೂರು ದಿನ ಹಿಡಿಯುವುದರಿಂದಲೇ 48ರಿಂದ 72 ಗಂಟೆಗಳ ನಂತರ ಬಂದು ತೋರಿಸಿ ಎನ್ನುತ್ತಾರೆ. ಬಿಸಿಜಿ ಲಸಿಕೆ ಹಾಕಿಸಿಕೊಂಡವರಲ್ಲೂ ಗಂಟು ಏಳಬಹುದು. ಬಿಸಿಜಿಯಲ್ಲಿ ಇಲ್ಲದ ಪ್ರೋಟೀನುಗಳನ್ನು ರಕ್ತಕ್ಕೆ ಬೆರೆಸಿ, ಟಿ ಕೋಶಗಳು ಸ್ರವಿಸುವ ಇಂಟರ್‌ಫೆರಾನ್-ಗಾಮಾವನ್ನು ಅಳೆಯುವ ಪರೀಕ್ಷೆಯಲ್ಲಿ ಆ ಗೊಂದಲವಿರುವುದಿಲ್ಲ. ಎಚ್‌ಐವಿ ಇರುವವರಿಗೆ ಮಾಡುವ ಸಿಡಿ4 ಎಣಿಕೆ ಬೇರೆಯೇ ಬಗೆಯದು: ರಕ್ತದಲ್ಲಿ ಎಷ್ಟು ಸಿಡಿ4 ಕೋಶಗಳಿವೆ ಎಂಬುದನ್ನು ಅದು ಹೇಳುತ್ತದೆ, ಅವು ಯಾವುದಕ್ಕೆ ಸ್ಪಂದಿಸುತ್ತವೆ ಎಂಬುದನ್ನಲ್ಲ.